ಕೆಸರು ತುಳಿದು ಕಲಿತ ವಿದ್ಯೆ

ಮನೆಯ ನಕ್ಷೆ ಬರೆಯುವವರು ಆ ಮನೆಯಲ್ಲಿ ವಾಸಿಸುವುದಿಲ್ಲ. ಮೇ ತಿಂಗಳಲ್ಲಿ ಕಾದ ತಾರಸಿಯ ಕೆಳಗೆ ಅಡುಗೆ ಮಾಡುವವಳು ಗೃಹಿಣಿ. ಮಳೆಗಾಲದಲ್ಲಿ ಒದ್ದೆ ಗೋಡೆಯ ಪಕ್ಕ ಮಲಗುವವರು ಮಕ್ಕಳು. ಕರೆಂಟು ಹೋದರೆ ಕೂರಲಾಗದ ಕೋಣೆಗಾಗಿ ವರ್ಷಗಟ್ಟಲೆ ಸಾಲದ ಕಂತು ಕಟ್ಟುವುದು ಇಡೀ ಕುಟುಂಬ. ಹೀಗಿರುವಾಗ ಆರ್ಕಿಟೆಕ್ಟ್ ಆಗಹೊರಟ ವಿದ್ಯಾರ್ಥಿಗೆ ಅಂದದ ಗೆರೆ ಎಳೆಯಲು ಕಲಿಸಿದರೆ ಸಾಕೇ? ಬಿಸಿಲು, ಗಾಳಿ, ಮಳೆಯ ಜೊತೆಗೆ ಬಡವನ ಜೇಬನ್ನೂ ಓದಲು ಕಲಿಸಬೇಡವೇ?

ಈ ಪ್ರಶ್ನೆಗೆ ಬಾಂಗ್ಲಾದೇಶದ ಒಂದು ಹಳ್ಳಿಯಲ್ಲಿ ಉತ್ತರವಿದೆ.

ರುದ್ರಾಪುರದ ಶಾಲೆ

ಅನ್ನಾ ಹೆರಿಂಗರ್ ಜರ್ಮನಿಯವರು. 1997ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, ಬಾಂಗ್ಲಾದೇಶಕ್ಕೆ ಬಂದು 'ದೀಪಶಿಖಾ' ಎಂಬ ಸೇವಾ ಸಂಸ್ಥೆಯೊಂದಿಗೆ ದುಡಿದರು. ನಂತರ ಆಸ್ಟ್ರಿಯಾದ ಲಿಂಝ್‌ನಲ್ಲಿ ವಾಸ್ತುಶಿಲ್ಪ ಓದಿದರು. ಪದವಿಗಾಗಿ ಅವರು ಸಿದ್ಧಪಡಿಸಿದ್ದು ದಿನಾಜ್‌ಪುರ ಜಿಲ್ಲೆಯ ರುದ್ರಾಪುರಕ್ಕೊಂದು ಶಾಲೆಯ ಯೋಜನೆ. ಅದು ಕಾಗದದಲ್ಲೇ ಉಳಿಯಲಿಲ್ಲ. 2005ರಲ್ಲಿ ವಾಸ್ತುಶಿಲ್ಪಿ ಐಕೆ ರೋಸ್‌ವಾಗ್ ಮತ್ತು ಊರಿನ ಕೆಲಸಗಾರರೊಂದಿಗೆ ಅದನ್ನು ಕಟ್ಟಿಯೂ ತೋರಿಸಿದರು.

ಊರಿನ ಮಣ್ಣಿನ ಮನೆಗಳು ಬೇಗ ಹಾಳಾಗುತ್ತಿದ್ದುದೇಕೆ? ದೋಷ ಮಣ್ಣಿನದಲ್ಲ. ಸರಿಯಾದ ಅಡಿಪಾಯವಿಲ್ಲದೆ ನೆಲದ ತೇವ ಗೋಡೆಗೆ ಏರುತ್ತಿತ್ತು. ಆದ್ದರಿಂದ ಶಾಲೆಗೆ ಇಟ್ಟಿಗೆಯ ಅಡಿಪಾಯ ಹಾಕಿ, ಅದರ ಮೇಲೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಹಾಸಲಾಯಿತು. ಮಣ್ಣಿಗೆ ಹುಲ್ಲು ಬೆರೆಸಿ ಜಾನುವಾರುಗಳಿಂದ ತುಳಿಸಿದರು. ಸುಮಾರು 65 ಸೆಂಟಿಮೀಟರ್ ಎತ್ತರದ ಒಂದು ವರಸೆ ಒಣಗಿದ ಮೇಲೆಯೇ ಇನ್ನೊಂದು ವರಸೆ. ಕೆಳಗೆ ಸೆಕೆ ತಡೆಯುವ ದಪ್ಪ ಗೋಡೆ, ಮೇಲಂತಸ್ತಿನಲ್ಲಿ ಗಾಳಿಯಾಡುವ ಬಿದಿರು, ಬಾಗಿಲಿಗೆ ಬಣ್ಣಬಣ್ಣದ ಸೀರೆಯ ಪರದೆ. 2007ರಲ್ಲಿ ಈ ಶಾಲೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು.

ಮುಂದಿನ ಹೆಜ್ಜೆ ಪ್ರಶಸ್ತಿಗಿಂತ ದೊಡ್ಡದು. ಢಾಕಾದ ಬ್ರಾಕ್ ವಿಶ್ವವಿದ್ಯಾನಿಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಅದೇ ಹಳ್ಳಿಯಲ್ಲಿ ಕುಟುಂಬಗಳಿಗಾಗಿ ಮಣ್ಣಿನ ಮನೆಗಳನ್ನು ಕಟ್ಟಿದರು. ಜನ ಕಿಕ್ಕಿರಿದ ಆ ದೇಶದಲ್ಲಿ ಮನೆ ಅಗಲವಾದಂತೆ ಗದ್ದೆ ಕಿರಿದಾಗುತ್ತದೆ. ಹಾಗಾಗಿ ಮಣ್ಣಿನಲ್ಲೇ ಎರಡಂತಸ್ತು ಎಬ್ಬಿಸುವುದು ಬರಿಯ ಕೌಶಲವಲ್ಲ, ಊರಿನ ಅನ್ನದ ಪ್ರಶ್ನೆಯೂ ಹೌದು.

ಅಡುಗೆಮನೆಯಿಂದ ಆರಂಭ

ಯಾಸ್ಮೀನ್ ಲಾರಿ ಪಾಕಿಸ್ತಾನದ ಪ್ರಥಮ ಮಹಿಳಾ ಆರ್ಕಿಟೆಕ್ಟ್. ಕರಾಚಿಯಲ್ಲಿ ಗಾಜು, ಕಾಂಕ್ರೀಟಿನ ದೊಡ್ಡ ಕಟ್ಟಡಗಳನ್ನು ರೂಪಿಸಿ 2000ದಲ್ಲಿ ನಿವೃತ್ತರಾದವರು. 2005ರ ಭೂಕಂಪ ಅವರನ್ನು ಮತ್ತೆ ಕೆಲಸಕ್ಕೆ ಎಳೆಯಿತು. ಮಣ್ಣು, ಸುಣ್ಣ, ಬಿದಿರಿನಿಂದ ಸಂತ್ರಸ್ತರೇ ಮನೆ ಕಟ್ಟಿಕೊಳ್ಳುವ ವಿಧಾನವನ್ನು ಅವರು ಬೆಳೆಸಿದರು. ಅವರ ಹೊಗೆರಹಿತ 'ಚುಲ್ಹಾ' ಎತ್ತರದ ಜಗಲಿಯ ಮೇಲಿರುವುದರಿಂದ ನೆರೆನೀರು ಅಷ್ಟು ಸುಲಭವಾಗಿ ತಟ್ಟುವುದಿಲ್ಲ. ಹಳ್ಳಿಯ ಮಹಿಳೆಯರು ಇದನ್ನು ಕಲಿತು ಇತರ ಮಹಿಳೆಯರಿಗೆ ಕಲಿಸುತ್ತಾರೆ. ಇದಕ್ಕೆ 2018ರಲ್ಲಿ ವರ್ಲ್ಡ್ ಹ್ಯಾಬಿಟ್ಯಾಟ್ ಪ್ರಶಸ್ತಿ ಬಂತು. 2023ರಲ್ಲಿ ಬ್ರಿಟನ್ನಿನ ರಾಯಲ್ ಗೋಲ್ಡ್ ಮೆಡಲ್ ಲಾರಿಯವರ ಪಾಲಾಯಿತು. ಒಲೆಯ ಹೊಗೆಯೂ ಅವರಿಗೆ ವಾಸ್ತುಶಿಲ್ಪದ ವಿಷಯವಾಗಿ ಕಂಡಿತು.

ನಮಗೇನು ಪಾಠ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಯನ್ನು ಅಭಿವೃದ್ಧಿಪಡಿಸಿತು. ಅಂದರೆ ಜ್ಞಾನ ನಮ್ಮ ಬಳಿಯೂ ಇದೆ. ಅದು ತರಗತಿಗೂ ನಮ್ಮ ಅಂಗಳಕ್ಕೂ ಬರಬೇಕಾಗಿದೆ.

ನಮ್ಮ ಹೆಣ್ಣುಮಕ್ಕಳು ಐದು ವರ್ಷದ ಆರ್ಕಿಟೆಕ್ಚರ್ ಪದವಿಗೆ ಸೇರುವುದಾದರೆ ಖಂಡಿತ ಸೇರಲಿ. ಆದರೆ ಕಾಲೇಜು ಆರಿಸುವಾಗ ಫೀಸಿನ ಜೊತೆ ಇನ್ನೂ ಒಂದೆರಡು ಪ್ರಶ್ನೆ ಕೇಳೋಣ. ಇಲ್ಲಿ ವಿದ್ಯಾರ್ಥಿಗಳು ಹಳ್ಳಿಗೆ, ಕೊಳೆಗೇರಿಗೆ ಹೋಗುತ್ತಾರೆಯೇ? ತಮ್ಮ ಕೈಯಿಂದ ಒಂದು ಗೋಡೆಯನ್ನಾದರೂ ಕಟ್ಟುತ್ತಾರೆಯೇ?

ಮನೆ ಕಟ್ಟಿಸುವ ಸಹೋದರಿಯರೂ ಸುಮ್ಮನಿರಬಾರದು. ಪಶ್ಚಿಮದ ಬಿಸಿಲು ಯಾವ ಕೋಣೆಗೆ ಬೀಳುತ್ತದೆ, ಅಡುಗೆಮನೆಯ ಹೊಗೆ ಎಲ್ಲಿಂದ ಹೊರಹೋಗುತ್ತದೆ ಎಂದು ನಕ್ಷೆ ಮುಂದಿಟ್ಟಾಗಲೇ ಕೇಳಿರಿ. ಗೋಡೆ ಎದ್ದ ಮೇಲೆ ಕೇಳಿದರೆ ಉತ್ತರ ದುಬಾರಿಯಾಗುತ್ತದೆ.