ತೂಕದ ಯಂತ್ರ ತೋರಿಸದ ಲೆಕ್ಕ



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿ, ಆಸ್ಪತ್ರೆ ಬಿಲ್ಲುಗಳನ್ನು ಪರಿಶೀಲಿಸುವ ಕೆಲಸ ನನ್ನದು. ನಾನು ವೈದ್ಯನಲ್ಲ, ಬ್ಯಾಂಕಿನಿಂದ ನಿವೃತ್ತನಾದ ವಾಣಿಜ್ಯ ಪದವೀಧರ. ಆದರೆ ಆಂಜಿಯೋಪ್ಲಾಸ್ಟಿ, ಬೈಪಾಸ್, ಡಯಾಲಿಸಿಸ್ ಎಂಬ ಪದಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿರುವುದರಿಂದ, ಓದಿ, ವೈದ್ಯರನ್ನು ಕೇಳಿ ತಿಳಿದದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

"ಒಂದು ತಿಂಗಳು ನಡೆದೆ, ಒಂದು ಕಿಲೋ ಕೂಡ ಇಳಿಯಲಿಲ್ಲ" ಎಂದು ವಾಕಿಂಗ್ ಬಿಟ್ಟವರು ನಮ್ಮಲ್ಲಿ ಅನೇಕರು. "ನಾನು ತೆಳ್ಳಗಿದ್ದೇನೆ, ನನಗೇಕೆ ವ್ಯಾಯಾಮ?" ಎನ್ನುವವರೂ ಉಂಟು. ಇಬ್ಬರ ಲೆಕ್ಕವೂ ಸರಿಯಲ್ಲ.

ಮೊದಲನೆಯವರಿಗೆ ಚೆನ್ನೈಯ ಉದಾಹರಣೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ 531 ಜನರ ಅಧ್ಯಯನ ನಡೆಸಿ 2006 ರಲ್ಲಿ ಪ್ರಕಟಿಸಿದರು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷಕ್ಕೆ ಶೇ. 55 ಜನರಿಗೆ ಮಧುಮೇಹ ಬಂತು. ನಡಿಗೆ ಮತ್ತು ಆಹಾರದ ಶಿಸ್ತು ಪಾಲಿಸಿದವರಲ್ಲಿ ಅದು ಶೇ. 39. ಈ ಗುಂಪಿನವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ!

ಕಾರಣ ಸರಳ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ನಡಿಗೆ ಮುಗಿದ ಮೇಲೂ ಒಂದೆರಡು ದಿನ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದಲೇ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದು.

ಹೃದಯದ ಮಾತೂ ಹಾಗೆಯೇ. 1953 ರಲ್ಲಿ ಲಂಡನ್ನಿನ ಡಾ. ಜೆರ್ರಿ ಮಾರಿಸ್, ಕುಳಿತೇ ಇರುವ ಬಸ್ ಚಾಲಕರಿಗಿಂತ, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಎಂದು ತೋರಿಸಿದರು. ಮುಂದೆ ಸಮವಸ್ತ್ರದ ಸೊಂಟದ ಅಳತೆಯನ್ನೂ ಹೋಲಿಸಿದಾಗ, ದಪ್ಪಗಿದ್ದ ಕಂಡಕ್ಟರುಗಳಿಗೂ ಆ ರಕ್ಷಣೆ ಇತ್ತು.

ತೆಳ್ಳಗಿರುವವರಿಗೆ ನಮ್ಮ ಪುಣೆಯದೇ ಉದಾಹರಣೆ. ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004 ರಲ್ಲಿ ತಮ್ಮದೇ ದೇಹದ ಲೆಕ್ಕ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಆದರೆ ದೇಹದ ಕೊಬ್ಬು ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯೊಳಗೆ ಸೇರುವುದು ಹೆಚ್ಚು. ಅದಕ್ಕೇ ನಮಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು.

ಹಾಗೆಂದು ತೂಕ ಇಳಿಸುವುದು ವ್ಯರ್ಥವಲ್ಲ. 2002 ರ ಅಮೆರಿಕದ ಅಧ್ಯಯನವೊಂದರಲ್ಲಿ ಶೇ. 7 ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷ ವ್ಯಾಯಾಮದ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಶೇ. 58 ಕಡಿಮೆಯಾಯಿತು. ತೂಕ ಇಳಿದರೆ ಲಾಭ ಹೆಚ್ಚು, ಇಳಿಯದಿದ್ದರೂ ನಡಿಗೆ ನಷ್ಟವಲ್ಲ.

ತಾವು ಮಾಡಬೇಕಾದದ್ದು ಇಷ್ಟು: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿ ನೋಡಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿ. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳಿ. ನಡೆಯುವಾಗ ಎದೆನೋವು ಬಂದರೆ ನಿಲ್ಲಿಸಿ, ತಕ್ಷಣ ವೈದ್ಯರನ್ನು ಕಾಣಿ. ನಡೆಯುತ್ತಿದ್ದೇನೆಂದು ಮಾತ್ರೆಯನ್ನು ತಾವಾಗಿಯೇ ಬಿಡಬೇಡಿ.

ಇಷ್ಟೆಲ್ಲ ಹೇಳಿದ್ದು ಕಾಯಿಲೆ ಬಿದ್ದವರನ್ನು ದೂರಲು ಅಲ್ಲ. ಹೋಟೆಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದುಡಿದು, ಹೊತ್ತು ಮೀರಿ ಉಂಡು ಮಲಗುವ ನಮ್ಮ ಹುಡುಗರಿಗೆ ವಾಕಿಂಗ್‌ಗೆ ಸಮಯವೆಲ್ಲಿ, ಪರೀಕ್ಷೆಗೆ ರಜೆಯೆಲ್ಲಿ? ಅವರಿಗೆ ಕಾಯಿಲೆ ಗೊತ್ತಾಗುವುದೇ ಆಸ್ಪತ್ರೆ ಸೇರಿದ ದಿನ. ಆ ದಿನ ಅವರ ಕುಟುಂಬಕ್ಕೆ ಈ ನಿಧಿಯೇ ಆಸರೆ. ಇದ್ದ ಹಣದಲ್ಲಿ ಯಾರಿಗೆ ಎಷ್ಟು ಎಂದು ಹಂಚುವುದು ಕಷ್ಟದ ಕೆಲಸ. ತಮ್ಮ ಆರೋಗ್ಯ ನೋಡಿಕೊಳ್ಳಿ, ನಿಧಿಗೆ ಕೈಲಾದಷ್ಟು ಕೊಡಿ, ತಮ್ಮ ಪರಿಚಯದ ಹೋಟೆಲ್ ಕಾರ್ಮಿಕನೊಬ್ಬನನ್ನಾದರೂ ಈ ತಿಂಗಳು ಸಕ್ಕರೆ, ಬಿ.ಪಿ. ಪರೀಕ್ಷೆಗೆ ಕರೆದೊಯ್ಯಿರಿ ಎಂದು ವಿನಂತಿಸುತ್ತೇನೆ.