ಕಚೇರಿಗೆ ಹೋಗಿಬರಲು ವಿದ್ಯುತ್ ಬೈಸಿಕಲ್ಲು

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನೂ ಮುಟ್ಟಿತು. ಬಳಿಕ ಅದು ಮನೆಗಳ ಒಳಹೊಕ್ಕು ದೀಪ ಹೊತ್ತಿಸಿತು, ಗಾಳಿ ಬೀಸಿತು, ದೋಸೆಯ ಹಿಟ್ಟನ್ನೂ ರುಬ್ಬಿತು. ಈಗ ಗೃಹಸ್ಥನನ್ನು ಕಚೇರಿಗೆ ಹೊತ್ತುಕೊಂಡು ಹೋಗುವೆನೆಂದು ಬಾಗಿಲಲ್ಲಿ ಬಂದು ನಿಂತಿದೆ. ಈ ಹೊಸ ಆಳನ್ನು ಮನೆಗೆ ಸೇರಿಸಿಕೊಳ್ಳುವ ಮೊದಲು ವಿಚಾರಿಸತಕ್ಕ ಸಂಗತಿಗಳನ್ನು, ಮಿತವಾದ ಸಂಬಳದಲ್ಲಿ ಸಂಸಾರ ತೂಗಿಸುವವರ ಸಲುವಾಗಿ, ಇಲ್ಲಿ ಬರೆಯುತ್ತೇವೆ.

ನಾವು ಹೇಳುತ್ತಿರುವುದು ಪೆಡಲು ತುಳಿಯುವಾಗ ಮೋಟಾರು ನೆರವಿಗೆ ಬರುವ ಬೈಸಿಕಲ್ಲಿನ ಮಾತು. ಲಕ್ಷ ರೂಪಾಯಿಯ ಸ್ಕೂಟರು ಬೇರೆ ಜಾತಿಯದು. ಮೋಟಾರಿನ ಬಲ 250 ವ್ಯಾಟನ್ನೂ ವೇಗ ಗಂಟೆಗೆ 25 ಕಿಲೋಮೀಟರನ್ನೂ ಮೀರದೆ, ನಿಯಮದಂತೆ ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಬೈಸಿಕಲ್ಲಿಗೆ ನಮ್ಮ ದೇಶದಲ್ಲಿ ನೋಂದಣಿಯಾಗಲಿ ಲೈಸೆನ್ಸಾಗಲಿ ಬೇಕಿಲ್ಲ. ಇದನ್ನೇ ನೆಪಮಾಡಿಕೊಂಡು, “ಸ್ವಾಮೀ, ಒಂದು ತಂತಿ ಕತ್ತರಿಸಿದರೆ ನಲವತ್ತರ ವೇಗದಲ್ಲಿ ಓಡುತ್ತದೆ” ಎಂದು ಪಿಸುಗುಟ್ಟುವ ಅಂಗಡಿಕಾರರೂ ಉಂಟು. ತಂತಿ ಕತ್ತರಿಸಿದೊಡನೆ ಅದು ಕಾನೂನಿನ ಕಣ್ಣಿಗೆ ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನವಾಗುತ್ತದೆ. ದಾರಿಯಲ್ಲಿ ಯಾರಿಗಾದರೂ ಪೆಟ್ಟಾದರೆ ಪರಿಹಾರದ ಹಣ ಮನೆಯ ಒಡವೆಯಿಂದಲೇ ಹುಟ್ಟಬೇಕಾದೀತು.

ಇನ್ನು ಲೆಕ್ಕಕ್ಕೆ ಬರೋಣ. ಮನೆಯಿಂದ ಕಚೇರಿಗೆ ಎಂಟು ಕಿಲೋಮೀಟರು, ಹೋಗಿಬರಲು ಹದಿನಾರು ಎಂದಿಟ್ಟುಕೊಳ್ಳೋಣ. ಲೀಟರಿಗೆ ನಲವತ್ತೈದು ಕಿಲೋಮೀಟರು ಓಡುವ ಸ್ಕೂಟರಿಗೆ, ಪೆಟ್ರೋಲು ಲೀಟರಿಗೆ ನೂರು ರೂಪಾಯಿಯಂತೆ, ದಿನಕ್ಕೆ ಸುಮಾರು ಮೂವತ್ತೈದು ರೂಪಾಯಿ ತಗಲುತ್ತದೆ. ವಿದ್ಯುತ್ ಬೈಸಿಕಲ್ಲು ಕಿಲೋಮೀಟರಿಗೆ ಹನ್ನೆರಡು ವ್ಯಾಟ್-ಗಂಟೆಯಂತೆ ಉಂಡರೂ, ಚಾರ್ಜು ಮಾಡುವಾಗಿನ ನಷ್ಟವೂ ಸೇರಿ, ಕಾಲು ಯೂನಿಟ್ಟಿನೊಳಗೆ ಮುಗಿಯುತ್ತದೆ. ಎರಡು ರೂಪಾಯಿಗೆ ಮೀರುವುದಿಲ್ಲ. ತಿಂಗಳಿಗೆ ಇಪ್ಪತ್ತೈದು ದಿನ ಓಡಾಡುವವನಿಗೆ ಎಂಟುನೂರು ರೂಪಾಯಿಗಿಂತ ತುಸು ಹೆಚ್ಚೇ ಉಳಿಯಿತು. ಜಾಹೀರಾತಿನವರು ತಮ್ಮ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಬ್ಯಾಟರಿಯೂ ಸವೆಯುವ ವಸ್ತುವಲ್ಲವೇ? ಒಂದು ಬ್ಯಾಟರಿಗೆ ಹನ್ನೆರಡು ಸಾವಿರ ರೂಪಾಯಿ ಎಂದು ಹಿಡಿಯಿರಿ. ಅದು ಹದಿನೈದು ತಿಂಗಳಿಗೆ ಸತ್ತರೆ ತಿಂಗಳ ಪಾಲು ಎಂಟುನೂರು ರೂಪಾಯಿ. ಅಂದರೆ ಉಳಿತಾಯವೆಲ್ಲವನ್ನೂ ಅದೇ ನುಂಗಿತು. ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ ಇನ್ನೂರೈವತ್ತು ಮಾತ್ರ. ಲಾಭನಷ್ಟವೆಲ್ಲವೂ ಬ್ಯಾಟರಿಯ ಆಯುಸ್ಸಿನಲ್ಲಿದೆ. ಬಣ್ಣ, ಗೇರು, ಮಿನುಗುವ ಪರದೆ ಇವುಗಳನ್ನು ಆಮೇಲೆ ನೋಡಬಹುದು.

ಬ್ಯಾಟರಿಯ ಮೇಲೆ ಬರೆದಿರುವ ಎರಡು ಅಂಕಿಗಳನ್ನು ಗುಣಿಸಿ ನೋಡುವುದು ಅಗತ್ಯ. 36 ವೋಲ್ಟು, 10 ಆಂಪಿಯರ್-ಗಂಟೆ ಎಂದಿದ್ದರೆ 360 ವ್ಯಾಟ್-ಗಂಟೆಯಾಯಿತು. ಕಿಲೋಮೀಟರಿಗೆ ಹನ್ನೆರಡರಂತೆ ಅದು ಮೂವತ್ತು ಕಿಲೋಮೀಟರು ಓಡಿಸುತ್ತದೆ. ಅಂಗಡಿಯವರು ಅರವತ್ತೆಂದರೆ, ಹಗುರವಾದ ಆಳು ಸಮತಟ್ಟಾದ ದಾರಿಯಲ್ಲಿ ಚೆನ್ನಾಗಿ ತುಳಿದಾಗಿನ ಮಾತು ಅದೆಂದು ತಿಳಿಯತಕ್ಕದ್ದು. ಲಿಥಿಯಂ ಬ್ಯಾಟರಿಯೊಂದು ಐನೂರು ಸಲವಾದರೂ ಪೂರ್ತಿ ತುಂಬಿ ಬರಿದಾಗುವಷ್ಟು ಬಾಳುವುದೆಂದರೆ, ನಮ್ಮ ಹದಿನಾರು ಕಿಲೋಮೀಟರಿಗೆ ದಿನಕ್ಕೆ ಅದರ ಅರ್ಧವಷ್ಟೇ ಖರ್ಚಾಗುವುದರಿಂದ, ಸುಮಾರು ಸಾವಿರ ದಿನದ ಓಡಾಟ ನಡೆಯುತ್ತದೆ. ಇದರ ಅರ್ಧದಷ್ಟು ಬ್ಯಾಟರಿಯುಳ್ಳ ಅಗ್ಗದ ಗಾಡಿಯನ್ನು ಕೊಂಡವನು ದಿನವೂ ಅದನ್ನು ತಳಮಟ್ಟ ಬರಿದುಮಾಡಬೇಕು. ಆಗ ಅದರ ಆಯುಸ್ಸೂ ಅರ್ಧವೇ. ಸೀಸ ಮತ್ತು ಆಮ್ಲದ ಹಳೆಯ ಬಗೆಯ ಬ್ಯಾಟರಿಯನ್ನು, ಎಷ್ಟೇ ಅಗ್ಗವಾಗಿದ್ದರೂ, ನಾವು ಹೊಗಳಲಾರೆವು. ಅದು ಬಹಳ ಭಾರ, ಬಾಳಿಕೆಯೂ ಕಡಿಮೆ.

ನಮಗೆ ಪರಿಚಿತರಾದ ಗುಮಾಸ್ತರೊಬ್ಬರು ಸಾಲದ ಮೇಲೆ ಒಂದು ಗಾಡಿಯನ್ನು ತಂದರು. ಬ್ಯಾಟರಿ ಕೆಟ್ಟಾಗ ಮಾರಿದ ಅಂಗಡಿಯೇ ಇರಲಿಲ್ಲ. ಅದರ ತೂತೂ ಕೊಂಡಿಯೂ ವಿಚಿತ್ರವಾದುದರಿಂದ ಬೇರೆಯವರ ಬ್ಯಾಟರಿ ಕೂಡಲಿಲ್ಲ. ಸಾಲದ ಕಂತು ಮಾತ್ರ ತಪ್ಪದೆ ನಡೆಯಿತು. ಗಾಡಿ ಹಿತ್ತಲಲ್ಲಿ ಬಟ್ಟೆ ಒಣಗಿಸುವ ಕೆಲಸಕ್ಕೆ ಬಂದಿತು. ಆದುದರಿಂದ ಕೊಳ್ಳುವ ದಿನವೇ ಹೊಸ ಬ್ಯಾಟರಿಯ ಬೆಲೆಯನ್ನೂ ಅದು ದೊರೆಯುವ ಸ್ಥಳವನ್ನೂ ಕೇಳಿ, ಗ್ಯಾರಂಟಿಯ ಅವಧಿಯನ್ನು ರಸೀತಿಯ ಮೇಲೆ ಬರೆಸಿಕೊಳ್ಳಿರಿ. ಬಾಯಿಮಾತಿನ ಗ್ಯಾರಂಟಿಗೆ ಬೆಲೆಯಿಲ್ಲ.

ಏರುದಾರಿಯ ವಿಷಯವೂ ಇದೆ. ಬೆಂಗಳೂರಾಗಲಿ ಮಡಿಕೇರಿಯಾಗಲಿ ಸಮತಟ್ಟಾದ ಊರಲ್ಲ. ಸವಾರನೂ ಗಾಡಿಯೂ ಸೇರಿ ನೂರು ಕಿಲೋ ತೂಗಿದರೆ, ನೂರು ಅಡಿಗೆ ಐದು ಅಡಿ ಏರುವ ರಸ್ತೆಯಲ್ಲಿ ಗಂಟೆಗೆ ಹದಿನೈದು ಕಿಲೋಮೀಟರು ವೇಗಕ್ಕೆ ಇನ್ನೂರು ವ್ಯಾಟಿಗಿಂತ ಹೆಚ್ಚು ಬಲ ಬೇಕು. 250 ವ್ಯಾಟಿನ ಮೋಟಾರು ಅಲ್ಲಿ ಏದುಸಿರು ಬಿಡುತ್ತದೆ. ಕಾಲುಗಳು ತಮ್ಮ ಪಾಲನ್ನು ಕೊಡಲೇಬೇಕು. ಅಂಗಡಿಯ ಮುಂದಿನ ಸಪಾಟಾದ ಬೀದಿಯಲ್ಲಿ ಒಂದು ಸುತ್ತು ಹೊಡೆದು ಒಪ್ಪಿಕೊಳ್ಳದೆ, ತಮ್ಮ ದಾರಿಯ ಕಡಿದಾದ ಏರಿನಲ್ಲೇ ಊಟದ ಡಬ್ಬಿಯ ಚೀಲದೊಡನೆ ಓಡಿಸಿ ನೋಡುವುದು ಮೇಲು. ಇಳಿಜಾರಿನಲ್ಲಿ ಬ್ರೇಕನ್ನೂ ಪರೀಕ್ಷಿಸಬೇಕು, ಏಕೆಂದರೆ ಈ ಗಾಡಿ ಸಾಧಾರಣ ಬೈಸಿಕಲ್ಲಿಗಿಂತ ಭಾರ. ಸೀರೆಯುಡುವ ಸೋದರಿಯರು ಅಡ್ಡಕಂಬಿಯಿಲ್ಲದ ಚೌಕಟ್ಟನ್ನೂ ಪೂರ್ತಿ ಮುಚ್ಚಿದ ಚೈನನ್ನೂ ಹಟಹಿಡಿದು ಕೇಳಲಿ. ಇವನ್ನು ತಯಾರಿಸುವವರು ಹೆಂಗಸರನ್ನು ನೆನೆದಂತೆ ಕಾಣುವುದಿಲ್ಲ.

ಕೊನೆಯದಾಗಿ ಬೆಂಕಿಯ ಭಯ. 2022ರಲ್ಲಿ ನಮ್ಮ ದೇಶದಲ್ಲಿ ವಿದ್ಯುತ್ ಸ್ಕೂಟರುಗಳು ಉರಿದ ಸುದ್ದಿ ಒಂದರ ಮೇಲೊಂದಾಗಿ ಬಂದಿತು. ಸರಕಾರವು ಬ್ಯಾಟರಿಯ ಪರೀಕ್ಷೆಗಳನ್ನು ಬಿಗಿಗೊಳಿಸಿತು. ಅಗ್ಗದ ಬೈಸಿಕಲ್ಲುಗಳೆಲ್ಲವೂ ಅದೇ ಪರೀಕ್ಷೆಯನ್ನು ದಾಟಿವೆಯೆಂದು ನಂಬಿ ಕೂರಲಾಗದು. ಪ್ರಮಾಣಪತ್ರವನ್ನು ಕೇಳಿ ನೋಡಬೇಕು. ಗಾಡಿಯೊಡನೆ ಬಂದ ಚಾರ್ಜರನ್ನೇ ಬಳಸಿರಿ. ಬಿಸಿಲಲ್ಲಿ ಓಡಿ ಕಾದ ಬ್ಯಾಟರಿ ತಣಿದ ಮೇಲೆ ಚಾರ್ಜಿಗೆ ಹಾಕಿರಿ. ಬಿದ್ದು ಜಜ್ಜಿಹೋದ, ಉಬ್ಬಿದ ಬ್ಯಾಟರಿಯನ್ನು ಮತ್ತೆ ಮನೆಯೊಳಗೆ ತರಬೇಡಿರಿ. ಬೀಗ ತೆಗೆದು ಬ್ಯಾಟರಿಯನ್ನು ಬಿಡಿಸಿಕೊಳ್ಳಬಹುದಾದ ಗಾಡಿಯಾದರೆ ಮಹಡಿಯ ಮನೆಯವರಿಗೆ ಅನುಕೂಲ. ಆದರೂ ಮೆಟ್ಟಿಲ ಬುಡದಲ್ಲಾಗಲಿ, ಮನೆಯಿಂದ ಹೊರಬೀಳುವ ಒಂದೇ ಬಾಗಿಲ ಬಳಿಯಲ್ಲಾಗಲಿ, ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಅದನ್ನು ಚಾರ್ಜಿಗೆ ಹಾಕಿಡುವುದು ಕೂಡದು. ಸಂಜೆ ಕಚೇರಿಯಿಂದ ಬಂದು, ಕಾಫಿ ಕುಡಿದು ಸ್ವಲ್ಪ ಹೊತ್ತಾದ ಮೇಲೆ ಹಾಕಿದರೆ ರಾತ್ರಿಯ ಊಟ ಮುಗಿಯುವ ವೇಳೆಗೆ ಮರುದಿನಕ್ಕೆ ಸಾಲುವಷ್ಟು ತುಂಬಿರುತ್ತದೆ.