ಹೆಡ್‌ಲೈಟ್ ಮಂಕಾಯ್ತಾ? ಆಲ್ಟರ್ನೇಟರ್ ಬದಲಿಸೋ ಮುಂಚೆ ಇದನ್ನ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ ಇಲ್ಲಿದೆ)

ಇವತ್ತಿನ ವಿಷಯ ಆಲ್ಟರ್ನೇಟರ್. ಆಫ್‌ರೋಡ್ ಗಾಡಿ ಇರೋರು, ತಗೋಬೇಕು ಅನ್ಕೊಂಡಿರೋರು, ಅಥವಾ ಮನೇಲಿ ಒಂದು ಹಳೇ ಜೀಪ್ ಇರೋರು ಕೊನೆವರೆಗೂ ಕೇಳಿ. ಯಾಕಂದ್ರೆ ಇದು ಲೈಟಿನ ವಿಷಯವಾಗಿ ಶುರುವಾಗಿ ಬ್ರೇಕಿನ ವಿಷಯವಾಗಿ ಮುಗಿಯುತ್ತೆ.

ಮೂಡಿಗೆರೆ ಕಡೆ ತೋಟ ಇರೋ ನನ್ನ ಗೆಳೆಯನ ಹತ್ರ ಒಂದು ಹಳೇ ಡೀಸೆಲ್ ಜೀಪಿದೆ. ತೋಟದ ಕೆಸರು ದಾರಿಗೆ ಅದೇ, ಕಾಫಿ ಮೂಟೆಗೆ ಅದೇ, ಭಾನುವಾರ ನಾವು ಹುಡುಗರು ಹಳ್ಳ ದಾಟೋಕೆ ಹೋಗೋದೂ ಅದರಲ್ಲೇ. ತಿಂಗಳಿಗೊಮ್ಮೆ ಅವನ ಅಮ್ಮನನ್ನ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ಅದೇ ಗಾಡಿ.

ಮಳೆಗಾಲದಲ್ಲಿ ಗಾಡಿ ಸತಾಯಿಸೋಕೆ ಶುರುಮಾಡ್ತು. ಹೆಡ್‌ಲೈಟ್ ಮಂಕು. ವೈಪರ್ ನಿಧಾನ. ಬೆಳಿಗ್ಗೆ ಸೆಲ್ಫ್ ಎಳೆಯಲ್ಲ, ನಾಲ್ಕು ಜನ ತಳ್ಳಬೇಕು. ಹೊಸ ಬ್ಯಾಟರಿ ಹಾಕಿಸಿದ, ಎರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ಆಗ ಒಬ್ಬರು ಸಲಹೆ ಕೊಟ್ರು: "ನಿನ್ನ ಆಲ್ಟರ್ನೇಟರ್ ಸಣ್ಣದು. ಪೆಟ್ರೋಲ್ ಕಾರಿನ 90 ಆಂಪ್‌ದು ಸೆಕೆಂಡ್‌ಹ್ಯಾಂಡ್ ಸಿಗ್ತದೆ, ಬ್ರಾಕೆಟ್ ವೆಲ್ಡ್ ಮಾಡಿ ಕೂರಿಸೋಣ." ನಾವಿಬ್ಬರೂ ಖುಷಿಯಿಂದ ಒಪ್ಪಿಕೊಂಡ್ವಿ. ಅಪ್‌ಗ್ರೇಡ್ ಅಂದ್ರೆ ಯಾರಿಗೆ ಬೇಡ?

ಅದೃಷ್ಟಕ್ಕೆ, ಕೂರಿಸೋ ಮುಂಚೆ ಪೇಟೆಯ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋದ್ವಿ. ಅವರು ಬಾನೆಟ್ ಎತ್ತಿ ನೋಡಿ ಕೇಳಿದ್ರು: "ಅಲ್ಲ ಮಾರಾಯ, ಜ್ವರ ಎಷ್ಟಿದೆ ಅಂತ ನೋಡದೆ ಇಂಜೆಕ್ಷನ್ ಕೊಡ್ತಾರಾ? ಮೊದಲು ಮೀಟರ್ ಹಿಡಿಯೋಣ."

ಇದು ಕೆಲಸ ಮಾಡೋದು ಹೇಗೆ

ಮೀಟರ್ ಹಿಡಿಯೋ ಮುಂಚೆ ಒಂದು ನಿಮಿಷ ಇದರ ಹೊಟ್ಟೆಯೊಳಗೆ ಏನಿದೆ ನೋಡೋಣ. ಆಲ್ಟರ್ನೇಟರ್ ಅಂದ್ರೆ ಎಂಜಿನ್ನಿನ ಬೆಲ್ಟಿನಿಂದ ತಿರುಗೋ ಒಂದು ವಿದ್ಯುತ್ ಯಂತ್ರ. ಹಳೇ ಮೆಕ್ಯಾನಿಕ್‌ಗಳು ಇವತ್ತಿಗೂ ಇದನ್ನ ಡೈನಮೋ ಅಂತಾರೆ, ಯಾಕಂದ್ರೆ ಮುಂಚೆ ಆ ಜಾಗದಲ್ಲಿ ಇದ್ದದ್ದು ಅದೇ. 1960ರ ದಶಕದಲ್ಲಿ ಕಾರುಗಳಲ್ಲಿ ಡೈನಮೋ ಹೋಗಿ ಆಲ್ಟರ್ನೇಟರ್ ಬರೋಕೆ ಶುರುವಾಯ್ತು.

ಮಧ್ಯದಲ್ಲಿ ತಿರುಗೋದು ರೋಟರ್. ಬ್ಯಾಟರಿಯಿಂದ ಸ್ವಲ್ಪ ಕರೆಂಟ್ ಎರಡು ಕಾರ್ಬನ್ ಬ್ರಷ್‌ಗಳ ಮೂಲಕ ರೋಟರ್‌ಗೆ ಹೋಗಿ ಅದನ್ನ ಆಯಸ್ಕಾಂತ ಮಾಡುತ್ತೆ. ಆ ಆಯಸ್ಕಾಂತ ತಿರುಗಿದಾಗ ಸುತ್ತಲಿನ ಸ್ಟೇಟರ್ ತಂತಿಗಳಲ್ಲಿ ವಿದ್ಯುತ್ ಹುಟ್ಟುತ್ತೆ. ಅದು ಎಸಿ. ಬ್ಯಾಟರಿಗೆ ಬೇಕಾದ್ದು ಡಿಸಿ. ಹಾಗಾಗಿ ಹಿಂಭಾಗದ ಡಯೋಡ್‌ಗಳು ಅದನ್ನ ಡಿಸಿ ಮಾಡ್ತವೆ. ರೆಗ್ಯುಲೇಟರ್ ಅನ್ನೋದು ಕಾವಲುಗಾರ: ವೋಲ್ಟೇಜ್ ಹೆಚ್ಚಾದ್ರೆ ರೋಟರ್‌ನ ಕರೆಂಟ್ ಇಳಿಸುತ್ತೆ, ಕಡಿಮೆಯಾದ್ರೆ ಏರಿಸುತ್ತೆ.

ಈಗ ಆಫ್‌ರೋಡ್ ಗಾಡಿಯಲ್ಲಿ ಇದರ ಪಾಡು ಯೋಚಿಸಿ. ತಣ್ಣಗಾಗೋಕೆ ಗಾಳಿ ಬೇಕು ಅಂತ ಇದರ ಮೈಮೇಲೆಲ್ಲ ಕಿಂಡಿಗಳಿರ್ತವೆ. ಹಳ್ಳ ದಾಟಿದಾಗ ಆ ಕಿಂಡಿಯಿಂದಲೇ ಕೆಸರುನೀರು ಒಳಗೆ ಬರುತ್ತೆ. ನೀರು ಆರುತ್ತೆ, ಸಣ್ಣ ಮರಳು ಅಲ್ಲೇ ಉಳಿಯುತ್ತೆ. ಆಮೇಲೆ ಅದು ಬ್ರಷ್‌ಗೂ ಸ್ಲಿಪ್ ರಿಂಗ್‌ಗೂ ಉಪ್ಪುಕಾಗದದ ಥರ ತಿಕ್ಕುತ್ತೆ. ಬೇರಿಂಗ್‌ನ ಗ್ರೀಸ್ ತೊಳೆದು ಹೋಗುತ್ತೆ. ಬೆಲ್ಟ್ ಒದ್ದೆಯಾಗಿ ಜಾರುತ್ತೆ. ಆಲ್ಟರ್ನೇಟರ್ ಎಂಜಿನ್ನಿನ ಕೆಳಭಾಗದಲ್ಲಿ ಇರೋ ಗಾಡಿಗಳಲ್ಲಿ ಇದೆಲ್ಲ ಇನ್ನೂ ಬೇಗ.

ಮೀಟರ್ ಏನು ಹೇಳ್ತು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು, ಐನೂರು ರೂಪಾಯಿ ಒಳಗೆ ಸಿಗುತ್ತೆ. ಅವರು ಮಾಡಿದ್ದನ್ನ ಅದೇ ಕ್ರಮದಲ್ಲಿ ಹೇಳ್ತೀನಿ, ನೀವೂ ಮಾಡಬಹುದು. ಲೂಸ್ ಬಟ್ಟೆ, ಉದ್ದ ಕೂದಲು, ಕೈ ಎಲ್ಲ ಬೆಲ್ಟಿನಿಂದ ದೂರ ಇರಲಿ.

ಒಂದು: ಎಂಜಿನ್ ಆಫ್, ಗಾಡಿ ಕೆಲವು ಗಂಟೆ ನಿಂತಿರಬೇಕು. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತೆ. 12.2 ಅಂದ್ರೆ ಹತ್ತಿರ ಹತ್ತಿರ ಅರ್ಧ.

ಎರಡು: ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು, ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಆನ್ ಮಾಡಿ ಬ್ಯಾಟರಿ ಮೇಲೆ ನೋಡಿ. ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಬರಬೇಕು. ನಮ್ಮ ಜೀಪಲ್ಲಿ ಬಂದದ್ದು 13.1.

"ನೋಡಿ ಅಣ್ಣ, ಆಲ್ಟರ್ನೇಟರ್ ಹೋಗಿದೆ" ಅಂದ ಗೆಳೆಯ. ಅವರು ಮಾತಾಡಲಿಲ್ಲ. ಮೀಟರ್‌ನ ಕೆಂಪು ತಂತಿಯನ್ನ ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಗೆ, ಕಪ್ಪನ್ನ ಅದರ ಬಾಡಿಗೇ ಹಿಡಿದ್ರು. 14.3!

ಅಂದ್ರೆ ಆಲ್ಟರ್ನೇಟರ್ ತನ್ನ ಕೆಲಸ ಸರಿಯಾಗೇ ಮಾಡ್ತಿದೆ. ಬ್ಯಾಟರಿ ಮುಟ್ಟೋದ್ರೊಳಗೆ ದಾರಿಯಲ್ಲಿ 1.2 ವೋಲ್ಟ್ ಸೋರಿ ಹೋಗ್ತಿದೆ. ಎಲ್ಲಿ?

ಮೂರು: ಎಲ್ಲ ಲೋಡ್ ಆನ್ ಇರುವಾಗಲೇ, ಮೀಟರ್‌ನ ಒಂದು ತುದಿ ಆಲ್ಟರ್ನೇಟರ್‌ನ ದಪ್ಪ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ. ಬಂದದ್ದು 0.2 ವೋಲ್ಟ್. ಪರವಾಗಿಲ್ಲ. ಆಮೇಲೆ ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿಯ ಮೈನಸ್‌ಗೆ. ಪೂರಾ 1 ವೋಲ್ಟ್. ಕಳ್ಳ ಇಲ್ಲಿದ್ದ.

ಎಂಜಿನ್ನಿಂದ ಚಾಸಿಗೆ ಹೋಗೋ ಅರ್ಥಿಂಗ್ ಪಟ್ಟಿ ಕೆಸರಲ್ಲಿ ಹೂತು, ಹಸಿರು ಕಿಲುಬು ಹಿಡಿದು, ನಾಲ್ಕೈದು ಎಳೆ ಮಾತ್ರ ಉಳಿದಿತ್ತು. ಸೆಲ್ಫ್ ಮೋಟಾರಿನ ಕರೆಂಟ್ ವಾಪಸ್ ಬರೋದೂ ಅದೇ ಪಟ್ಟಿಯಲ್ಲಿ. ಸೆಲ್ಫ್ ಎಳೀತಿಲ್ಲ, ಹೊಸ ಬ್ಯಾಟರಿ ತುಂಬ್ತಿಲ್ಲ, ಲೈಟ್ ಮಂಕು: ಮೂರಕ್ಕೂ ಕಾರಣ ಒಂದೇ. ಹೊಸ ಪಟ್ಟಿ, ಎರಡು ಬೋಲ್ಟ್, ತುಕ್ಕು ಉಜ್ಜೋಕೆ ಒಂದು ಉಪ್ಪುಕಾಗದ. ಖರ್ಚು ಕೆಲವೇ ನೂರು ರೂಪಾಯಿ. ಅದೇ ದಿನ ಬ್ಯಾಟರಿ ಮೇಲೆ 14.1 ಬಂತು.

ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ಓಡ್ತಿರುವಾಗ ಮೀಟರನ್ನ ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದ್ರೆ ಡಯೋಡ್ ಮೇಲೆ ಅನುಮಾನ ಪಡಿ. ಆದರೆ ಒಂದು ಮಾತ್ರ ಮಾಡಲೇಬೇಡಿ. ಎಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ "ಗಾಡಿ ನಿಲ್ಲುತ್ತಾ ನೋಡೋಣ" ಅನ್ನೋ ಹಳೇ ಪರೀಕ್ಷೆ. ಬ್ಯಾಟರಿ ಸಡನ್ ಆಗಿ ಕಳಚಿದಾಗ ವೋಲ್ಟೇಜ್ ಹತ್ತಾರು ವೋಲ್ಟ್ ಮೇಲಕ್ಕೆ ಹಾರಿ ಡಯೋಡ್, ರೆಗ್ಯುಲೇಟರ್, ಇಸಿಯು ಸುಡಬಹುದು.

ಹಾಗೇ, ಕೆಲವು ಹೊಸ ಗಾಡಿಗಳಲ್ಲಿ ಚಾರ್ಜಿಂಗ್ ವೋಲ್ಟೇಜನ್ನ ಕಂಪ್ಯೂಟರ್ ನಿಯಂತ್ರಿಸುತ್ತೆ, ಬೇಕಂತಲೇ ಏರಿಸಿ ಇಳಿಸುತ್ತೆ. ಅಲ್ಲಿ 12.8 ಕಂಡ ತಕ್ಷಣ ಗಾಬರಿ ಬೇಡ.

ದೊಡ್ಡದು ನಿಜವಾಗ್ಲೂ ಬೇಕಾಗೋದು ಯಾವಾಗ

ಹಾಗಾದ್ರೆ ಅಪ್‌ಗ್ರೇಡ್ ಅನ್ನೋದೇ ಸುಳ್ಳಾ? ಅಲ್ಲ. ಲೆಕ್ಕ ಹಾಕಬೇಕು ಅಷ್ಟೇ. ವ್ಯಾಟ್‌ನ 13.5ರಿಂದ ಭಾಗಿಸಿದ್ರೆ ಆಂಪ್ ಸಿಗುತ್ತೆ. 60 ವ್ಯಾಟ್‌ನ ಎರಡು ಹೆಡ್‌ಲೈಟ್ ಅಂದ್ರೆ ಸುಮಾರು 9 ಆಂಪ್. 120 ವ್ಯಾಟ್‌ನ ಎಲ್‌ಇಡಿ ಬಾರ್ ಮತ್ತೊಂದು 9. ಬ್ಲೋವರ್ 8, ವೈಪರ್ 5, ಸಣ್ಣ ಫ್ರಿಜ್ ಇದ್ರೆ 4 ಅಂತ ಇಟ್ಕೊಳ್ಳಿ. ಒಟ್ಟು 35.

"ನನ್ನದು 45 ಆಂಪ್‌ದು, ಸಾಕಲ್ಲ" ಅಂತೀರಾ? 45 ಅನ್ನೋದು ಆಲ್ಟರ್ನೇಟರ್ ಜೋರಾಗಿ ತಿರುಗುವಾಗಿನ ಲೆಕ್ಕ. ಐಡ್ಲಿಂಗ್‌ನಲ್ಲಿ ಅದರ ಅರ್ಧ ಬಂದ್ರೆ ಪುಣ್ಯ. ಆಫ್‌ರೋಡಲ್ಲಿ ನಾವು ಹೋಗೋದೇ ಆಮೆ ವೇಗದಲ್ಲಿ. ಕಮ್ಮಿ ಬಿದ್ದದ್ದೆಲ್ಲ ಬ್ಯಾಟರಿಯಿಂದ ಹೋಗುತ್ತೆ.

ವಿಂಚ್ ಕಥೆ ಬೇರೆ. ಪೂರ್ತಿ ಭಾರ ಎಳೆಯುವಾಗ ದೊಡ್ಡ ಎಲೆಕ್ಟ್ರಿಕ್ ವಿಂಚ್ 400 ಆಂಪ್ ಹತ್ತಿರ ಕುಡಿಯುತ್ತೆ. ಯಾವ ಸಾಮಾನ್ಯ ಆಲ್ಟರ್ನೇಟರೂ ಅದನ್ನ ಕೊಡಲ್ಲ, ಕೊಡೋದು ಬ್ಯಾಟರಿ. ಸರಾಸರಿ 200 ಆಂಪ್‌ನಲ್ಲಿ 5 ನಿಮಿಷ ಎಳೆದ್ರೆ ಸುಮಾರು 17 ಆಂಪ್-ಅವರ್ ಖಾಲಿ. ನಿಮ್ಮ ಆಲ್ಟರ್ನೇಟರ್‌ನಲ್ಲಿ 15 ಆಂಪ್ ಮಿಗುತ್ತೆ ಅಂದ್ರೆ ಅದನ್ನ ತುಂಬೋಕೆ ಒಂದು ಗಂಟೆ ಮೇಲೆ ಬೇಕು. ವಿಂಚ್, ಬಾರ್ ಲೈಟ್, ಫ್ರಿಜ್ ಮೂರೂ ಇದ್ರೆ ದೊಡ್ಡದು ಹಾಕಿಸೋದ್ರಲ್ಲಿ ಅರ್ಥ ಇದೆ.

ಆದರೆ ಜೊತೆಗೆ ಬದಲಾಗಬೇಕಾದ್ದು ಇನ್ನೂ ಇದೆ. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ಹೋಗೋ ವೈರ್ ದಪ್ಪ ಆಗಬೇಕು, ಬ್ಯಾಟರಿ ಪಕ್ಕದಲ್ಲೇ ಅದಕ್ಕೆ ತಕ್ಕ ಫ್ಯೂಸ್ ಬೇಕು, ಅರ್ಥಿಂಗ್ ಅಷ್ಟೇ ದಪ್ಪ ಇರಬೇಕು. 90 ಆಂಪ್ ಅಂದ್ರೆ ಸುಮಾರು 1,260 ವ್ಯಾಟ್. ನಷ್ಟ ಸೇರಿಸಿದ್ರೆ ಎಂಜಿನ್ನಿನಿಂದ ಹತ್ತಿರ ಹತ್ತಿರ 3 ಅಶ್ವಶಕ್ತಿ ಆ ಒಂದು ಬೆಲ್ಟ್ ಮೇಲೆ. ಪುಲ್ಲಿ ಒಂದು ಚೂರು ಓರೆಯಾಗಿದ್ರೂ ಬೆಲ್ಟ್ ಕಿರುಚುತ್ತೆ, ಹರಿಯುತ್ತೆ.

ಯಾರೂ ನಮಗೆ ಹೇಳದೇ ಇದ್ದ ಮಾತು

ಈಗ ಬ್ರೇಕಿಗೆ ಬರ್ತೀನಿ. ಪಟ್ಟಿ ಹಾಕಿ ಮುಗಿದ ಮೇಲೆ ಆ ಹಿರಿಯರು ಆಲ್ಟರ್ನೇಟರ್ ಹಿಂಭಾಗಕ್ಕೆ ಟಾರ್ಚ್ ಬಿಟ್ಟು ಕೇಳಿದ್ರು: "ಇದು ಏನು ಗೊತ್ತುಂಟಾ?"

ಅಲ್ಲಿ ಒಂದು ಸಣ್ಣ ಪಂಪ್ ಇತ್ತು. ಅದರಿಂದ ಒಂದು ಪೈಪ್ ಬ್ರೇಕ್ ಬೂಸ್ಟರ್ ಕಡೆಗೆ ಹೋಗಿತ್ತು.

ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ತಾನಾಗೇ ನಿರ್ವಾತ ಹುಟ್ಟುತ್ತೆ, ಬ್ರೇಕ್ ಬೂಸ್ಟರ್ ಅದನ್ನೇ ಬಳಸುತ್ತೆ. ಡೀಸೆಲ್‌ನಲ್ಲಿ ಹಾಗೆ ಸಿಗಲ್ಲ. ಅದಕ್ಕೇ ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ನಮ್ಮಲ್ಲಿ ಓಡಾಡೋ ಎಷ್ಟೋ ಹಳೇ ಡೀಸೆಲ್ ಗಾಡಿಗಳಲ್ಲಿ ಆ ಪಂಪ್ ಇರೋದು ಆಲ್ಟರ್ನೇಟರ್‌ನ ಬೆನ್ನಿಗೆ, ಅದೇ ಶಾಫ್ಟ್‌ನಲ್ಲಿ. ಪೆಟ್ರೋಲ್ ಕಾರಿನ ಆಲ್ಟರ್ನೇಟರ್‌ಗೆ ಆ ಪಂಪ್ ಇರಲ್ಲ.

ಅಂದ್ರೆ ನಾವು ಖುಷಿಯಿಂದ ಒಪ್ಪಿಕೊಂಡಿದ್ದ ಆ 90 ಆಂಪ್‌ದನ್ನ ಹಾಕಿಸಿದ್ರೆ ಲೈಟ್ ಮಂಕಾಗೇ ಇರೋದು. ಜೊತೆಗೆ ಬ್ರೇಕ್ ಕಲ್ಲಾಗೋದು. ಪೂರ್ತಿ ಹೋಗಲ್ಲ, ಆದರೆ ಗಾಡಿ ನಿಲ್ಲಿಸೋಕೆ ಕಾಲಿನ ಬಲ ಹಲವು ಪಟ್ಟು ಬೇಕಾಗುತ್ತೆ. ಆ ಸ್ಥಿತಿಯಲ್ಲಿ ಚಾರ್ಮಾಡಿಯ ತಿರುವು, ಮಂಜು, ಪಕ್ಕದ ಸೀಟಲ್ಲಿ ಅಮ್ಮ. ಗೆಳೆಯ ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ನಿಮ್ಮದು ಡೀಸೆಲ್ ಆದ್ರೆ ಆಲ್ಟರ್ನೇಟರ್ ಕೆಲಸ ಮಾಡಿಸಿದ ಮೇಲೆ ಸಮತಟ್ಟು ಜಾಗದಲ್ಲಿ ಈ ಪರೀಕ್ಷೆ ಮಾಡಿ. ಎಂಜಿನ್ ಆಫ್ ಇರಲಿ. ಬ್ರೇಕ್ ಪೆಡಲನ್ನ ಗಟ್ಟಿಯಾಗೋವರೆಗೂ ನಾಲ್ಕೈದು ಸಲ ಒತ್ತಿ. ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ರೆ ಗಾಡಿ ರೋಡಿಗೆ ತರಬೇಡಿ. ಆ ಪಂಪಿಗೆ ಎಂಜಿನ್ ಆಯಿಲ್ ಬರೋ ಪೈಪೂ ಇರುತ್ತೆ. ಆಲ್ಟರ್ನೇಟರ್ ಹಿಂದೆ ಕಪ್ಪು ಎಣ್ಣೆ ಕಂಡ್ರೆ ಸೀಲ್ ಹೋಗಿರಬಹುದು. ಎಣ್ಣೆ ಒಳಗೆ ಇಳಿದ್ರೆ ಬ್ರಷ್ ಹಾಳು.

ಹಳ್ಳ ದಾಟಿ ಬಂದ ಮೇಲೆ ಎಂಜಿನ್ ತಕ್ಷಣ ಆಫ್ ಮಾಡಬೇಡಿ, ಹತ್ತು ನಿಮಿಷ ಓಡಲಿ, ಒಳಗಿನ ನೀರು ಆರಲಿ. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಶರ್ ಗನ್ ಅದರ ಕಿಂಡಿಗೆ ಹಿಡಿಯೋಕೆ ಬಿಡಬೇಡಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಅರ್ಥಿಂಗ್ ಪಟ್ಟಿ ಬಿಚ್ಚಿ ಉಜ್ಜಿ. ಗೊರಗೊರ ಸದ್ದು ಬಂದ್ರೆ ಬೇರಿಂಗ್ ಬದಲಿಸಿ, ಅದಕ್ಕಾಗಿ ಇಡೀ ಆಲ್ಟರ್ನೇಟರ್ ಎಸೆಯಬೇಕಿಲ್ಲ.

ಆ ಜೀಪ್ ಇವತ್ತಿಗೂ ಹಳೇ ಆಲ್ಟರ್ನೇಟರ್‌ನಲ್ಲೇ ಓಡ್ತಿದೆ. ಗೆಳೆಯ ಉಳಿದ ದುಡ್ಡಲ್ಲಿ ಒಂದು ಮಲ್ಟಿಮೀಟರ್ ತಗೊಂಡ, ಡ್ಯಾಶ್‌ಬೋರ್ಡಲ್ಲೇ ಇಟ್ಟಿದ್ದಾನೆ. ಈ ಸಂಚಿಕೆಯನ್ನ ಹಳೇ ಡೀಸೆಲ್ ಗಾಡಿ ಇರೋ ಒಬ್ಬರಿಗಾದ್ರೂ ಕಳಿಸಿ.